ಆಕಾಶವಾಣಿ ನಾಟಕ: ರೇಡಿಯೊದಲ್ಲೋ, ಆ್ಯಪ್‌ನಲ್ಲೋ?

ಬೆಂಗಳೂರು ಆಕಾಶವಾಣಿಯ ನಾಟಕ ಕೇಳೋಕೆ ಎರಡು ದಾರಿ: 612 ಕಿಲೋಹರ್ಟ್ಸ್ ಮೀಡಿಯಂ ವೇವ್, ಇಲ್ಲವೇ ನ್ಯೂಸ್‌ಆನ್‌ಏರ್ ಆ್ಯಪ್. ಮಾತೇ ಜೀವಾಳವಾದ ನಾಟಕಕ್ಕೆ ರೇಡಿಯೊ ಧಾರಾಳವಾಗಿ ಸಾಕು. ನಮ್ಮಲ್ಲಿ ಮೀಡಿಯಂ ವೇವ್ ಚಾನೆಲ್‌ಗಳ ನಡುವಿನ ಅಂತರ 9 ಕಿಲೋಹರ್ಟ್ಸ್ ಮಾತ್ರ. ಹಾಗಾಗಿ ಸೆಟ್‌ನಿಂದ ಬರುವ ಧ್ವನಿ ಅದರ ಅರ್ಧಕ್ಕೆ, ಸುಮಾರು ನಾಲ್ಕೂವರೆ ಕಿಲೋಹರ್ಟ್ಸ್‌ಗೇ ನಿಲ್ಲುತ್ತೆ; ಅದಕ್ಕಿಂತ ಕೀರಲು ಸದ್ದು ದಾಟಿ ಬರಲ್ಲ. ಸಂಭಾಷಣೆ ಸ್ಪಷ್ಟ, ಆದರೆ ಗೆಜ್ಜೆ ಸದ್ದು, ತರಗೆಲೆ ಮೇಲಿನ ಹೆಜ್ಜೆ ಮಂಕು.

ಗೊರಗೊರ ಬಂದರೆ ಕೇಂದ್ರವನ್ನು ಬೈಯಬೇಡಿ. ತಪ್ಪು ಬಹುಪಾಲು ಮನೆಯಲ್ಲೇ: ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಯುಪಿಎಸ್. ಒಂದೊಂದಾಗಿ ಸ್ವಿಚ್ ಆರಿಸುತ್ತಾ ಬನ್ನಿ, ಕಳ್ಳ ಸಿಗ್ತಾನೆ. ಉದ್ದದ ಆ್ಯಂಟೆನಾ ಎಳೆಯೋದು ದಂಡ, ಅದು ಎಫ್‌ಎಂಗೆ. ಮೀಡಿಯಂ ವೇವ್ ಹಿಡಿಯೋದು ಸೆಟ್ಟಿನೊಳಗಿರುವ ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಪ್ಪು ಕಡ್ಡಿ; ಅದು ಎತ್ತ ತಿರುಗಿದೆ ಅನ್ನೋದರ ಮೇಲೆ ಸಿಗ್ನಲ್ ಏರಿಳಿಯುತ್ತೆ. ಕಿಟಕಿ ಹತ್ತಿರ ಇಟ್ಟು ಸೆಟ್ಟನ್ನೇ ನಿಧಾನಕ್ಕೆ ತಿರುಗಿಸಿ. ಅಪಾರ್ಟ್‌ಮೆಂಟಿನ ನಡುಕೋಣೆಯಲ್ಲಿ ಕಂಬಿ, ಕಾಂಕ್ರೀಟು ಸಿಗ್ನಲ್ ನುಂಗುತ್ತೆ. ಕರೆಂಟಿಗಿಂತ ಬ್ಯಾಟರಿ ವಾಸಿ.

ಆ್ಯಪ್‌ನಲ್ಲಿ ಈ ಕಾಟವಿಲ್ಲ. ಪ್ರಸಾರ ಕೆಲವು ಸೆಕೆಂಡು ತಡ, ಅಷ್ಟೆ. ಫೋನಿನ ಸ್ಪೀಕರ್ ಮಾತ್ರ ಬೇಡ. ಗುಡುಗೂ ಡಬ್ಬಿ ಬಡಿದ ಹಾಗೆ ಕೇಳುತ್ತೆ. ಇಯರ್‌ಫೋನ್ ಹಾಕಿದರೆ ಕಲಾವಿದರು ಮೈಕ್‌ನಿಂದ ಒಂದು ಹೆಜ್ಜೆ ಹಿಂದೆ ಸರಿದದ್ದೂ ತಿಳಿಯುತ್ತೆ. ಪಾತ್ರ ಕೋಣೆಯಿಂದ ಹೊರಟಿತು ಅನ್ನೋದು ಗೊತ್ತಾಗೋದೇ ಹಾಗೆ. ಬಿಎಂಟಿಸಿ ಬಸ್ಸಿನಲ್ಲಂತೂ ಕೇಳಬೇಡಿ, ಮಾತಿನ ನಡುವಿನ ಮೌನವನ್ನೆಲ್ಲ ಹಾರ್ನ್ ತಿಂದುಬಿಡುತ್ತೆ.