ಏಳು ರೂಪಾಯಿ ಎಪ್ಪತ್ತು ಪೈಸೆ ಕಲಿಸಿದ್ದು: ಝೀರೊ ಬ್ಯಾಲೆನ್ಸ್ ಖಾತೆ, ಆರು ವರ್ಷ ಬಳಸಿದ ಮೇಲೆ

2019ರ ಸೆಪ್ಟೆಂಬರ್ ತಿಂಗಳ ಪಾಸ್‌ಬುಕ್ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. 3ನೇ ತಾರೀಕು, ಎಸ್‌ಎಂಎಸ್ ಶುಲ್ಕ 17.70. 5ನೇ ತಾರೀಕು, ಕಂತು ವಾಪಸ್, 295. 9ನೇ ತಾರೀಕು, ಮತ್ತೆ ಕಂತು ವಾಪಸ್, ಮತ್ತೆ 295.

ಬೈಕಿನ ಸಾಲದ ಕಂತು 3,150 ರೂಪಾಯಿ. ಖಾತೆಯಲ್ಲಿ 3,160 ಇಟ್ಟು, ಹತ್ತು ರೂಪಾಯಿ ಹೆಚ್ಚೇ ಇದೆಯಲ್ಲ ಎಂದು ನಿಶ್ಚಿಂತೆಯಾಗಿದ್ದೆ. ಮೂರು ತಿಂಗಳಿಗೊಮ್ಮೆ ಬ್ಯಾಂಕು ಹಿಡಿಯುವ ಎಸ್‌ಎಂಎಸ್ ಶುಲ್ಕ, ಅಂದರೆ 15 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಎರಡು ದಿನ ಮೊದಲು ಬಂದು ಕುಳಿತಿತ್ತು. ಕೊರತೆ ಬಿದ್ದದ್ದು ಏಳು ರೂಪಾಯಿ ಎಪ್ಪತ್ತು ಪೈಸೆ. ಅದಕ್ಕೆ ಬ್ಯಾಂಕು 295 ರೂಪಾಯಿ ದಂಡ ಹಿಡಿಯಿತು. ದಂಡ ಹಿಡಿದ ಮೇಲೆ ಕೊರತೆ ಮುನ್ನೂರು ದಾಟಿತು, ಹಾಗಾಗಿ ಸಾಲದ ಕಂಪನಿ ಎರಡನೇ ಸಲ ಕೇಳಿದಾಗಲೂ ಕಂತು ವಾಪಸ್ಸಾಯಿತು. ಕಂಪನಿಯವರು ತಮ್ಮ ಪಾಲಿಗೆ 590 ಸೇರಿಸಿದರು. ಒಟ್ಟು 1,180 ರೂಪಾಯಿ. ಆ ಖಾತೆ ಹಳೆಯ ಕೆಲಸದ ಸಂಬಳದ ಖಾತೆ. ಕೆಲಸ ಬಿಟ್ಟು ಕೆಲವು ತಿಂಗಳಾದ ಮೇಲೆ ಅದು ಸಾಮಾನ್ಯ ಉಳಿತಾಯ ಖಾತೆಯಾಗಿ, ತಿಂಗಳ ಸರಾಸರಿ 5,000 ಇರಬೇಕೆಂಬ ಷರತ್ತೂ ಬಂದಿತ್ತು. ಸಂದೇಶ ಕಳಿಸಿದ್ದರು. ಸಾಲ ಬೇಕೇ ಎಂದು ಕೇಳುವ ಸಂದೇಶಗಳ ಜೊತೆಗೆ ಅದನ್ನೂ ಅಳಿಸಿದ್ದು ನಾನೇ.

ಬ್ಯಾಂಕಿನ ಹೆಸರು ಇಲ್ಲಿ ಬೇಡ.

ಆ ಸಿಟ್ಟಿನಲ್ಲಿ ನಾನು ಮೊದಲು ಮಾಡಿದ್ದು ಬ್ಯಾಂಕನ್ನೇ ದೂರ ಇಡುವ ಕೆಲಸ. ಸಂಬಳ ಬಂದ ದಿನವೇ ಎಲ್ಲವನ್ನೂ ತೆಗೆದು ಲಕೋಟೆಗಳಲ್ಲಿ ಹಾಕಿ, ಬಾಡಿಗೆ, ದಿನಸಿ, ಕಂತು ಎಂದು ಬರೆದು ಬಿಸ್ಕತ್ತಿನ ಡಬ್ಬಿಗೆ ತುಂಬಿದೆ. ಅಮ್ಮನಿಗೆ ಇದು ಹೊಸದೇನಲ್ಲ, ಅವರ ದುಡ್ಡು ಇರುತ್ತಿದ್ದದ್ದು ರಾಗಿ ಡಬ್ಬದ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟು ರದ್ದಾದಾಗ ಆ ಡಬ್ಬವನ್ನು ಮೊರಕ್ಕೆ ಸುರಿದದ್ದು ನನಗೆ ಚೆನ್ನಾಗಿ ನೆನಪಿದೆ: ಐನೂರರದು ಹನ್ನೊಂದು, ಸಾವಿರದ್ದು ಮೂರು, ಪ್ರತಿಯೊಂದಕ್ಕೂ ರಾಗಿಯ ಧೂಳು. ಅವನ್ನು ಖಾತೆಗೆ ಕಟ್ಟಿದೆವು. ಜನವರಿಯಲ್ಲಿ ರೇಷ್ಮೆ ಸೀರೆಯ ಮಡಿಕೆಯಿಂದ ಇನ್ನೊಂದು ಐನೂರು ಬಿತ್ತು. ಡಿಸೆಂಬರ್ 30ರ ಗಡುವು ಮುಗಿದಿತ್ತು. ಹತ್ತು ಹಳೆಯ ನೋಟುಗಳವರೆಗೆ ಇಟ್ಟುಕೊಂಡರೆ ತಪ್ಪಿಲ್ಲವೆಂದು 2017ರ ಕಾಯ್ದೆ ಹೇಳುವುದರಿಂದ ಅದು ಈಗಲೂ ಅಮ್ಮನ ಪಂಚಾಂಗದೊಳಗೆ ಪುಟದ ಗುರುತಾಗಿದೆ.

ನನ್ನ ಡಬ್ಬಿ ನಡೆದದ್ದು ಐದು ವಾರ. ಕಳ್ಳರ ಕಾಟವಾಗಲಿ ಗೆದ್ದಲಿನ ಕಾಟವಾಗಲಿ ಇರಲಿಲ್ಲ, ನನ್ನ ಕಾಟವೇ ಸಾಕಾಯಿತು. ದಿನಸಿ ಲಕೋಟೆ ಖಾಲಿಯಾದರೆ ಬಾಡಿಗೆಯದರಿಂದ ಇನ್ನೂರು, 'ನಾಳೆ ಹಾಕುತ್ತೇನೆ' ಎಂದು ಒಂದು ಚೀಟಿ. ತಿಂಗಳ ಕೊನೆಗೆ ಡಬ್ಬಿಯಲ್ಲಿ ನೋಟಿಗಿಂತ ಚೀಟಿಯೇ ಹೆಚ್ಚಿತ್ತು. ಅಲ್ಲದೆ ಕಂತಿನ ದುಡ್ಡನ್ನು ಹೇಗೂ ಬ್ಯಾಂಕಿಗೇ ಕಟ್ಟಬೇಕು, ಅದಕ್ಕೊಂದು ದಿನ ಸರತಿಯಲ್ಲಿ ನಿಲ್ಲಬೇಕು. (ನೋಟನ್ನು ಗೆದ್ದಲು ತಿಂದಿದ್ದರೆ ಒಂದು ಮಾತು: 50 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನೋಟಿನಲ್ಲಿ ಒಂದೇ ತುಂಡು ಶೇ. 80ಕ್ಕಿಂತ ಹೆಚ್ಚು ಉಳಿದಿದ್ದರೆ ಬ್ಯಾಂಕಿನಲ್ಲಿ ಪೂರ್ತಿ ಬೆಲೆ ಸಿಗುತ್ತದೆ, 40ರಿಂದ 80ರೊಳಗಿದ್ದರೆ ಅರ್ಧ. ಎಸೆಯಬೇಡಿ.)

ಹಾಗೆ 2019ರ ಅಕ್ಟೋಬರಿನಲ್ಲಿ ಊರಿನ ಒಂದು ಸರಕಾರಿ ಬ್ಯಾಂಕಿನಲ್ಲಿ ಮೂಲ ಉಳಿತಾಯ ಖಾತೆ ತೆರೆದೆ. ಜನ ಝೀರೊ ಬ್ಯಾಲೆನ್ಸ್ ಖಾತೆ ಎನ್ನುವುದು ಇದನ್ನೇ. ರಿಸರ್ವ್ ಬ್ಯಾಂಕು 2012ರ ಆಗಸ್ಟ್‌ನಲ್ಲಿ, ಅದಕ್ಕೂ ಮೊದಲಿದ್ದ 'ನೋ ಫ್ರಿಲ್ಸ್' ಖಾತೆಯ ಬದಲು ತಂದದ್ದು. ಕನಿಷ್ಠ ಶಿಲ್ಕಿನ ಷರತ್ತಿಲ್ಲ, ಎಟಿಎಂ ಕಾರ್ಡಿಗೆ ಶುಲ್ಕವಿಲ್ಲ, ಎಷ್ಟು ಸಲ ಬೇಕಾದರೂ ಹಣ ಕಟ್ಟಬಹುದು, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ಎಲ್ಲರಿಗೂ ಸಿಗಬೇಕಾದ ಖಾತೆ ಇದು, ಆದಾಯದ ಮಿತಿಯಿಲ್ಲ. ಆದರೂ ಕೌಂಟರಿನಲ್ಲಿ ಮೊದಲು ಕೇಳಿದ ಮಾತು, "ಅದು ಜನಧನದವರಿಗೆ ಸಾರ್, ನಿಮಗೆ ಬರುವುದಿಲ್ಲ." ಅವರು ಮಾಮೂಲಿ ಉಳಿತಾಯ ಖಾತೆಯ ಅರ್ಜಿಯನ್ನು ಅದಾಗಲೇ ನನ್ನ ಕಡೆ ತಳ್ಳಿದ್ದರು. ರಿಸರ್ವ್ ಬ್ಯಾಂಕಿನ ಅದೇ ವರ್ಷ ಜೂನ್‌ನ ಸುತ್ತೋಲೆಯನ್ನು ಮೊಬೈಲಿನಲ್ಲಿ ತೋರಿಸಿದೆ. ಮ್ಯಾನೇಜರ್ ಒಮ್ಮೆ ಓದಿ, "ಹೌದಪ್ಪ, ಕೊಡಬೇಕು" ಎಂದರು. ಈ ಖಾತೆ ಕೇಳಲು ಹೋಗುವವರು ಇದರ ಬಗ್ಗೆ ರಿಸರ್ವ್ ಬ್ಯಾಂಕಿನ ಈಗಿನ ನಿಯಮವನ್ನು ಜೊತೆಗಿಟ್ಟುಕೊಳ್ಳುವುದು ಒಳ್ಳೆಯದು.

ಷರತ್ತುಗಳೂ ಇವೆ. ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇರಕೂಡದು, ಇದ್ದರೆ 30 ದಿನಗಳಲ್ಲಿ ಮುಚ್ಚಬೇಕು. ಬೇರೆ ಬ್ಯಾಂಕಿನಲ್ಲಿ ಇಂಥದೇ ಮೂಲ ಖಾತೆ ಇಲ್ಲವೆಂದು ಬರೆದುಕೊಡಬೇಕು. ಬೇರೆ ಬ್ಯಾಂಕಿನಲ್ಲಿ ಸಂಬಳದ ಖಾತೆ ಇದ್ದರೆ ಅಡ್ಡಿಯಿಲ್ಲ. ನನಗೆ ಬೇಕಾದದ್ದೂ ಅದೇ.

ಏಕೆಂದರೆ ಇದನ್ನು ನಾನು ಖರ್ಚಿಗೆ ಬಳಸುವುದಿಲ್ಲ. ಇದು ಕಂತುಗಳಿಗೆ ಮಾತ್ರ. ಸಂಬಳ ಬಂದ ದಿನ ಅಲ್ಲಿಂದ ಇಲ್ಲಿಗೆ ಕಂತಿನ ಮೊತ್ತ ತಾನಾಗಿ ಬರುವಂತೆ ಮಾಡಿಸಿದ್ದೇನೆ. ಜೊತೆಗೆ ಯಾವಾಗಲೂ ಒಂದು ಕಂತು ಹೆಚ್ಚಿಗೆ ಕೂತಿರುತ್ತದೆ. ಕಾರ್ಡು ಬೀರುವಿನಲ್ಲಿದೆ, ಈ ಖಾತೆಯನ್ನು ಯಾವ ಯುಪಿಐ ಆ್ಯಪಿಗೂ ಜೋಡಿಸಿಲ್ಲ. ಡಬ್ಬಿಯ ಲಕೋಟೆಯ ಕೆಲಸವನ್ನೇ ಇದು ಮಾಡುತ್ತಿದೆ, ಕೈ ಹಾಕಲು ಮಾತ್ರ ಆಗುವುದಿಲ್ಲ. ಸಾಲದ ಕಂಪನಿ ಹಳೆಯ ಖಾತೆಯ ಮ್ಯಾಂಡೇಟ್, ಅಂದರೆ ಕಂತು ಹಿಡಿಯಲು ನಾನು ಕೊಟ್ಟಿದ್ದ ಒಪ್ಪಿಗೆ, ಬಿಟ್ಟು ಹೊಸದನ್ನು ಹಿಡಿಯಲು ಒಂದೂವರೆ ತಿಂಗಳು ತೆಗೆದುಕೊಂಡಿತು. ಅಲ್ಲಿಯವರೆಗೆ ಎರಡೂ ಕಡೆ ದುಡ್ಡಿಟ್ಟು ಕಾದೆ.

ಆ ಹೆಚ್ಚುವರಿ ಕಂತಿನ ಬೆಲೆ ಗೊತ್ತಾದದ್ದು 2022ರ ಜೂನ್ 5ರಂದು. ಅಂದು ಭಾನುವಾರ. ಕಚೇರಿಯವರು ಆ ತಿಂಗಳು ಸಂಬಳವನ್ನು ಸೋಮವಾರಕ್ಕೆ ತಳ್ಳಿದ್ದರು. ಭಾನುವಾರ ಬ್ಯಾಂಕಿಗೆ ರಜೆ, ಕಂತು ಹೇಗೂ ಸೋಮವಾರವೇ ಹೋಗುತ್ತದೆ ಎಂದುಕೊಂಡಿದ್ದೆ. ಹಿಂದೆ ಹಾಗೆಯೇ ಇತ್ತು. ಖಾತೆಯಿಂದ ಕಂತುಗಳನ್ನು ತಾನಾಗಿ ಹಿಡಿಯುವ ನ್ಯಾಚ್ ವ್ಯವಸ್ಥೆ 2021ರ ಆಗಸ್ಟ್ 1ರಿಂದ ವಾರದ ಏಳೂ ದಿನ ನಡೆಯುತ್ತದೆ ಎಂಬುದನ್ನು ಪೇಪರಿನಲ್ಲಿ ಓದಿಯೂ ಮರೆತಿದ್ದೆ. ಬೆಳಿಗ್ಗೆ ತಿಂಡಿ ತಿನ್ನುವಾಗಲೇ ಲ್ಯಾಪ್‌ಟಾಪಿನ ಕಂತು ಹೋದ ಸಂದೇಶ ಬಂತು. ಹೆಚ್ಚಿಗೆ ಇಟ್ಟಿದ್ದರಿಂದ ಬಚಾವಾದೆ.

ಇನ್ನೊಂದು ಮರೆವಿನ ಜಾಗ ಮೇ ತಿಂಗಳ ಕೊನೆ. ಪ್ರಧಾನಮಂತ್ರಿ ಹೆಸರಿನ ಎರಡು ವಿಮೆಗಳನ್ನು ಯಾವಾಗಲೋ ಒಪ್ಪಿಕೊಂಡಿದ್ದರೆ ಪ್ರತಿ ವರ್ಷ ಆಗ 436 ಮತ್ತು 20 ರೂಪಾಯಿ ತಾವಾಗಿ ಕಡಿತವಾಗುತ್ತವೆ. ವಿಮೆ ಒಳ್ಳೆಯದೇ. ಆದರೆ ಲೆಕ್ಕ ಹಾಕಿ ಇಟ್ಟ ಖಾತೆಯಲ್ಲಿ 456 ಕಡಿಮೆಯಾದರೆ ಜೂನ್ 5ಕ್ಕೆ ಏನಾಗುತ್ತದೆಂದು ಮೇಲೆ ಹೇಳಿಯಾಗಿದೆ. ಬ್ಯಾಂಕಿಗೆ ಹೋಗಿ ಅವನ್ನು ಸಂಬಳದ ಖಾತೆಗೆ ಬದಲಿಸಿಕೊಂಡೆ.

ಕೊರತೆಗಳನ್ನೂ ಹೇಳಬೇಕು. ಬಡ್ಡಿ ತೀರಾ ಕಡಿಮೆ, ನನ್ನ ಶಿಲ್ಕಿಗೆ ವರ್ಷಕ್ಕೆ ನೂರು ರೂಪಾಯಿ ಚಿಲ್ಲರೆ ಬೀಳುತ್ತದೆ. ಚೆಕ್‌ಬುಕ್ ಕೊಡಲಿಲ್ಲ. ಸ್ವಲ್ಪ ಹೆಚ್ಚು ಹಣ ಸೇರಿದರೆ ತಾನಾಗಿ ಠೇವಣಿಗೆ ಹೋಗುವ ಸೌಲಭ್ಯ ಕೇಳಿದರೆ ಈ ಖಾತೆಗೆ ಇಲ್ಲವೆಂದರು. ಬ್ಯಾಂಕಿನ ಆ್ಯಪ್ ಮೂರು ತಿಂಗಳಿಗೊಮ್ಮೆ ನನ್ನನ್ನು ಮರೆತು ಮತ್ತೆ ನೋಂದಾಯಿಸಿಕೋ ಎನ್ನುತ್ತದೆ. ಇನ್ನು ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸೌಲಭ್ಯ. ಜನಧನ ಖಾತೆಯಾಗಿದ್ದರೆ ಆರು ತಿಂಗಳು ಸರಿಯಾಗಿ ನಡೆಸಿದವರಿಗೆ 10,000ದವರೆಗೆ ಕೊಡುವ ಅವಕಾಶವಿದೆ (2018ಕ್ಕೆ ಮೊದಲು 5,000 ಇತ್ತು). ನನ್ನದು ಜನಧನವಲ್ಲ, ಕೇಳಲೂ ಇಲ್ಲ. ಇಲ್ಲದ ಹಣವನ್ನು ಇದೆಯೆಂದು ತೋರಿಸುವ ಖಾತೆ ನನ್ನಂಥವನ ಕೈಯಲ್ಲಿ ಇರದಿರುವುದೇ ವಾಸಿ.

ಹಳೆಯ ಖಾತೆಯನ್ನು ಮುಚ್ಚಲಾಗದವರಿಗೆ ನಾನು ತಡವಾಗಿ ಕಲಿತ ಒಂದು ಲೆಕ್ಕವಿದೆ. ತಿಂಗಳ ಸರಾಸರಿ ಎಂದರೆ ಪ್ರತಿ ದಿನವೂ 5,000 ಇರಬೇಕೆಂದಲ್ಲ. ದಿನದ ಕೊನೆಯ ಶಿಲ್ಕುಗಳನ್ನು ಕೂಡಿಸಿ ದಿನಗಳಿಂದ ಭಾಗಿಸುತ್ತಾರೆ. 30 ದಿನದ ತಿಂಗಳಿಗೆ ಕೂಡಿದ ಮೊತ್ತ ಒಂದೂವರೆ ಲಕ್ಷ ಆಗಬೇಕು, ಅಷ್ಟೆ. 30,000 ರೂಪಾಯಿ ಐದು ರಾತ್ರಿ ಅಲ್ಲಿ ಮಲಗಿದ್ದರೆ ಉಳಿದ ದಿನ ಖಾತೆ ಬರಿದಾಗಿದ್ದರೂ ಆಯಿತು. ಕನಿಷ್ಠ ಶಿಲ್ಕಿನ ದಂಡದಿಂದಲೇ ಖಾತೆಯನ್ನು ಸೊನ್ನೆಗಿಂತ ಕೆಳಗೆ ಇಳಿಸಕೂಡದು, ದಂಡ ಹಾಕುವ ಮುನ್ನ ಗ್ರಾಹಕರಿಗೆ ತಿಳಿಸಿ ಸರಿಪಡಿಸಲು ಸಮಯ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2014ರಲ್ಲೇ ಹೇಳಿದೆ. ಈಗ ಸ್ಟೇಟ್ ಬ್ಯಾಂಕಿನಲ್ಲಿ 2020ರಿಂದ, ಕೆನರಾ ಬ್ಯಾಂಕಿನಲ್ಲಿ 2025ರ ಜೂನ್‌ನಿಂದ ಮಾಮೂಲಿ ಉಳಿತಾಯ ಖಾತೆಗೂ ಈ ದಂಡವಿಲ್ಲ. ಆದ್ದರಿಂದ ಇಂದು ಹೊಸದಾಗಿ ತೆರೆಯುವವರು ನನ್ನಂತೆ ಮೂಲ ಖಾತೆಗೇ ಜೋತು ಬೀಳಬೇಕಾಗಿಲ್ಲ. ಕಂತು ವಾಪಸ್ಸಾದರೆ ಬೀಳುವ ದಂಡ ಮಾತ್ರ ಬೇರೆ, ಅದು ಇದರಿಂದ ಮಾಫಿಯಾಗಿಲ್ಲ.

ನಡುವೆ ಇನ್ನೊಂದು ವಿಚಿತ್ರ ಉಪಾಯವನ್ನೂ ಮಾಡಿ ನೋಡಿದೆ. ಕೈಯಲ್ಲಿ ದುಡ್ಡಿದ್ದ ತಿಂಗಳು ವಿದ್ಯುತ್ ಬಿಲ್ಲಿಗೆ ಎರಡು ಸಾವಿರ ಮುಂಗಡ ಕಟ್ಟಿಬಿಟ್ಟೆ, ಅಲ್ಲಿಂದ ಯಾರೂ ತೆಗೆಯಲಾರರು ಎಂಬ ಜಾಣತನ. ಕೆಲವು ತಿಂಗಳು ಚೆನ್ನಾಗಿಯೇ ನಡೆಯಿತು. 2023ರ ಆಗಸ್ಟ್‌ನಿಂದ ಗೃಹಜ್ಯೋತಿಯಲ್ಲಿ ಬಿಲ್ಲು ಸೊನ್ನೆ ಬರತೊಡಗಿತು. ನನ್ನ 740 ರೂಪಾಯಿ ಅಲ್ಲೇ ಉಳಿಯಿತು, ಪ್ರತಿ ತಿಂಗಳ ಬಿಲ್ಲಿನಲ್ಲೂ ಅದನ್ನು ನೋಡುತ್ತೇನೆ. ಅಮ್ಮ ಅದನ್ನು ನೋಡಿ, "ರಾಗಿ ಡಬ್ಬದಲ್ಲಿದ್ದಿದ್ದರೆ ಕೈಗಾದರೂ ಸಿಗುತ್ತಿತ್ತು" ಎಂದರು.