ಶಿವಮೊಗ್ಗದ ಹಳೇ ಕೋವಿ ಅಂಗಡಿ: ರಿಪೇರಿಗೆ, ಡಿಪಾಸಿಟ್ಟಿಗೆ ಹೋಗೋರು ಓದ್ಕೊಳಿ

ಶಿವಮೊಗ್ಗ ಪೇಟೆ ಒಳಗಿರೋ ಹಳೇ ಕೋವಿ ಅಂಗಡಿ ಬಗ್ಗೆ ಬರೀತಿದೀನಿ. ಹೆಸರು ಹಾಕ್ಬೇಡಿ ಅಂತ ಯಜಮಾನ್ರೇ ಹೇಳಿದಾರೆ, ಲೈಸೆನ್ಸ್ ಇರೋರಿಗೆ ಹೆಂಗೂ ಗೊತ್ತಿರೋ ಅಂಗಡಿನೇ.

ಅಪ್ಪ ತೀರ್ಕೊಂಡ ಮೇಲೆ ಅವ್ರ ಜೋಡುನಳಿಗೆ ತೋಟಾ (ಕಾರ್ಟ್ರಿಜ್) ಹಾಕೋ ಕೋವಿ ನನ್ನ ಹೆಸರಿಗೆ ಆಗೋವರೆಗೂ ಇಲ್ಲೇ ಇಟ್ಟಿದ್ದೆ. ನಮ್ಮ ಕಡೆ ಬಹಳ ಮನೇಲಿ ಹಿರಿಯರು ಹೋದ್ರೂ ಕೋವಿ ಮಾತ್ರ ಅಟ್ಟದ ಮೇಲೇ ಇರುತ್ತೆ, ಹಂಗೆ ಇಟ್ಕೊಳೋ ಹಾಗಿಲ್ಲ ಮಾರಾಯ್ರೆ, ಠಾಣೆಗೆ ಇಲ್ಲಾ ಲೈಸೆನ್ಸ್ ಇರೋ ಡೀಲರ್ ಹತ್ರ ಡಿಪಾಸಿಟ್ ಮಾಡ್ಬೇಕು ಅಂತ 1959ರ ಆರ್ಮ್ಸ್ ಆಕ್ಟಲ್ಲೇ ಇದೆ. ಇನ್ನೊಂದು ವಿಷಯ ಯಜಮಾನ್ರೇ ಹೇಳಿದ್ದು, ಅಪ್ಪಂದಿರು ಇರೋವಾಗ್ಲೇ ವಾರಸುದಾರರ ಹೆಸರಿಗೆ ಮಾಡಿಸ್ಬಹುದು, ಲೈಸೆನ್ಸ್‌ದಾರರಿಗೆ 70 ವರ್ಷ ಆಗಿದ್ರೆ ಅಥವಾ ಕೋವಿ ಇಟ್ಕೊಂಡು 25 ವರ್ಷ ಆಗಿದ್ರೆ ಅರ್ಜಿ ಹಾಕಕ್ಕೆ ಬರುತ್ತೆ, 2016ರ ಆರ್ಮ್ಸ್ ರೂಲ್ಸಲ್ಲಿದೆ. ಮನೇಲಿ ವಯಸ್ಸಾದೋರು ಇದ್ರೆ ಈಗ್ಲೇ ಮಾಡ್ಸಿ.

ಈಗ ರಿಪೇರಿ. ಮೇಸ್ತ್ರಿ ವಯಸ್ಸಾದೋರು, ಮಾತು ಕಮ್ಮಿ. ಕೋವಿ ಕೈಗೆ ತಗೊಂಡ ತಕ್ಷಣ ಮಡಚಿ ಎರಡೂ ನಳಿಗೆ ಖಾಲಿ ಇದ್ಯಾ ನೋಡಿದ್ರು, ಖಾಲಿ ಇದೆ ಅಂತ ನಾನು ಹೇಳಿದ್ರೂ ಬೆರಳು ಹಾಕಿ ಇನ್ನೊಂದ್ಸಲ ನೋಡಿದ್ರು. ಆಮೇಲೆ ನಳಿಗೆ ಬಿಚ್ಚಿ ಟ್ಯೂಬ್‌ಲೈಟ್ ಕಡೆ ಹಿಡಿದು ನನಗೂ ತೋರ್ಸಿದ್ರು, ಒಳಗೆ ಬೆಳಕು ಬಳೆ ಜೋಡ್ಸಿಟ್ಟ ಹಾಗೆ ಕಾಣುತ್ತೆ, ಯಾವ್ದಾದ್ರೂ ಬಳೆ ಸೊಟ್ಟ ಇದ್ರೆ ಅಲ್ಲಿ ನಳಿಗೆ ನೆಗ್ಗಿದೆ ಅಂತ. ನಮ್ಮದ್ರಲ್ಲಿ ಎಡಗಡೆ ತುದಿಲಿ ನೆಗ್ಗಿತ್ತು. ಅದಕ್ಕಿಂತ ಭಯ ಆಗಿದ್ದು ಇನ್ನೊಂದು, ಮದ್ದಿಲ್ಲದ ಡಮ್ಮಿ ತೋಟಾ ಹಾಕಿ ಕೋವಿ ಹಿಡೀನ ರಬ್ಬರ್ ಮ್ಯಾಟ್ ಮೇಲೆ ಮೆತ್ತಗೆ ಕುಟ್ಟಿದ್ರು, ಟ್ರಿಗರ್ ಮುಟ್ಟದೇನೇ ಎಡಗಡೆ ನಳಿಗೆದು ತೋಟಾಗೆ ಹೊಡೆಯೋ ಹ್ಯಾಮರ್ ಟಕ್ ಅಂತ ಬಿತ್ತು, ಅಂದ್ರೆ ನಿಜದ ತೋಟಾ ಇದ್ದಿದ್ರೆ ತಾನಾಗೇ ಈಡು ಹಾರೋದು. ಅಪ್ಪ ಇದನ್ನೇ ಹೆಗಲಿಗೆ ಹಾಕ್ಕೊಂಡು ತೋಟದ ದಂಡೆ ಹತ್ತಿ ಇಳೀತಿದ್ರಲ್ಲ ಅಂತ ನೆನೆಸ್ಕೊಂಡ್ರೆ ಈಗ್ಲೂ ಮೈ ನಡುಗುತ್ತೆ. ಸರಿ ಮಾಡಿ ಕೊಟ್ಟಿದಾರೆ, ಕುಟ್ಟಿ ತೋರಿಸೇ ಕೊಟ್ರು.

ನಾನು ಕೂತಿದ್ದಾಗ್ಲೇ ಒಬ್ರು ಬಂದು ನಳಿಗೆ ಉದ್ದ ಆಯ್ತು, ಬೈಕಲ್ಲಿ ತರಕ್ಕಾಗಲ್ಲ, ಸ್ವಲ್ಪ ಕತ್ತರಿಸಿ ಕೊಡಿ ಅಂದ್ರು. ಯಜಮಾನ್ರು ಗಟ್ಟಿಯಾಗೇ ಹೇಳಿದ್ರು, "ಗೌಡ್ರೆ, ಕತ್ತರಿಸಿದ್ರೆ ನಿಮ್ಮ ಲೈಸೆನ್ಸೂ ಹೋಗುತ್ತೆ, ನನ್ನ ಅಂಗಡಿನೂ ಹೋಗುತ್ತೆ, ಬೇರೆ ಎಂತ ಬೇಕು ಹೇಳಿ." ಕಾನೂನಲ್ಲಿ ನಳಿಗೆ ಮೊಟಕು ಮಾಡೋದಕ್ಕೆ, ಆಟದ ಗನ್ನನ್ನ ನಿಜದ್ದು ಮಾಡೋದಕ್ಕೆ ಪ್ರತ್ಯೇಕ ನಿಷೇಧಾನೇ ಇದೆ. ನಾಡಕೋವಿ, ಅಂದ್ರೆ ಲೈಸೆನ್ಸಿಲ್ದೆ ಕದ್ದು ಮಾಡಿದ್ದು, ರಿಪೇರಿಗೆ ಬಂದ್ರಂತೂ ಮುಟ್ಟೋದೇ ಇಲ್ಲ. ನಾನು ಈ ಅಂಗಡಿಗೆ ಪೂರ್ತಿ ಮಾರ್ಕ್ಸ್ ಕೊಡ್ತಿರೋದು ಇದಕ್ಕೇ, ಆಗಲ್ಲ ಅಂತ ಮುಖಕ್ಕೆ ಹೇಳೋ ಅಂಗಡಿ ಬೇಕು ನಮ್ಮ ಕಡೆ. ಲೈಸೆನ್ಸಿಲ್ದೆ ಬಂದೂಕು ಮಾಡಿದ್ರೆ, ಮಾರಿದ್ರೆ 2019ರ ತಿದ್ದುಪಡಿ ಆದ್ಮೇಲೆ ಕಮ್ಮಿ ಅಂದ್ರೂ 7 ವರ್ಷ, ಜೀವಾವಧಿವರೆಗೂ ಹೋಗ್ಬಹುದು. ಶಿಕಾರಿಗೆ ಅಂತ ರಾತ್ರಿ ಹೋಗಿ ಹಂದಿ ಅಂತ ಜೊತೆಗಿದ್ದೋನಿಗೇ ಈಡು ಹೊಡೆದ ಸುದ್ದಿ ಮಲೆನಾಡಿನವರು ಎಷ್ಟು ಸಲ ಪೇಪರಲ್ಲಿ ಓದಿಲ್ಲ ಹೇಳಿ.

ಅಡಿಕೆ ವ್ಯಾಪಾರದೋರು ಒಬ್ರು ಜೇಬಲ್ಲಿ ಇಟ್ಕೊಳೋ ಸಣ್ಣದು ಎಂತಾದ್ರೂ ಇದ್ಯಾ ಅಂತ ಕೇಳಿದ್ರು. ಲೈಸೆನ್ಸ್ ಆದ್ರೆ .32 ಬೋರಿಂದು (ಬೋರ್ ಅಂದ್ರೆ ನಳಿಗೆ ತೂತಿನ ಅಳತೆ) ತಗೊಬಹುದು, ಕಾನ್ಪುರದ ಫ್ಯಾಕ್ಟರಿ 2014ರಲ್ಲಿ ಹೆಂಗಸ್ರಿಗೆ ಅಂತ ನಿರ್ಭೀಕ್ ರಿವಾಲ್ವರ್ ತಂದಿತ್ತು, ಅರ್ಧ ಕೆಜಿ ತೂಕ, ಆಗ್ಲೇ ಲಕ್ಷದ ಮೇಲೆ ರೇಟು. ಅಷ್ಟು ಹೇಳಿ ಯಜಮಾನ್ರು ಒಳಗಿಂದ ಒಂದು ಆಲ್ಬಮ್ ತಂದ್ರು, ಹಳೇ ಜೇಬು ಪಿಸ್ತೂಲುಗಳ ಚಿತ್ರ ಅಂಟಿಸಿದ್ದು. ಶಿಕಾಗೋದ ಪ್ರೊಟೆಕ್ಟರ್ ಅಂತ ಒಂದಿದೆ, 1880ರ ದಶಕದ ಫ್ರೆಂಚ್ ಡಿಸೈನು, ಪಿಸ್ತೂಲು ಅಂತ ಗೊತ್ತೇ ಆಗಲ್ಲ, ದುಂಡಗಿರೋ ಡಬ್ಬಿ, ಮುಷ್ಟಿ ಒಳಗೆ ಹಿಡಿದ್ರೆ ಬೆರಳ ಸಂದಿಂದ ನಳಿಗೆ ಮಾತ್ರ ಹೊರಗೆ, ಮುಷ್ಟಿ ಹಿಂಡಿದ್ರೆ ಗುಂಡು ಹಾರುತ್ತೆ. 1914ರ ಆಸ್ಟ್ರಿಯಾದ ಕೋಲಿಬ್ರಿ ಅಂತೂ ಬರೀ 2.7 ಮಿಲಿಮೀಟರ್ ಗುಂಡಿಂದು. 1865ರಲ್ಲಿ ಅಬ್ರಹಾಂ ಲಿಂಕನ್‌ಗೆ ಹೊಡೆದಿದ್ದೂ ಅಂಗೈ ಅಗಲದ ಡೆರಿಂಜರ್, ಒಂದೇ ಗುಂಡು. ಅದನ್ನ ತೋರಿಸಿ ಯಜಮಾನ್ರು ಅಂದ್ರು, "ಕೋವಿ ಹೆಗಲ ಮೇಲಿದ್ರೆ ಊರಿಗೆಲ್ಲ ಕಾಣುತ್ತೆ, ಇದು ಕಾಣಲ್ಲ, ಅದಕ್ಕೇ ಸರ್ಕಾರ ಇದಕ್ಕೆ ಹೆದ್ರೋದು." ನನಗೆ ಸರಿ ಅನ್ಸ್ತು.

ಅಲ್ಲೇ ಶುರು ಆಯ್ತು ಚರ್ಚೆ. ಜಪಾನಲ್ಲಿ ಅಷ್ಟು ಬಿಗಿ ಕಾನೂನಿದ್ದೂ 2022ರಲ್ಲಿ ಮಾಜಿ ಪ್ರಧಾನಿ ಶಿಂಜೋ ಅಬೆಗೆ ಮನೇಲಿ ಮಾಡಿದ ಬಂದೂಕಲ್ಲೇ ಹೊಡೆದ್ರಲ್ಲ, ಮತ್ತೆ ಕಾನೂನು ಎಂತಕ್ಕೆ ಅಂತ ಒಬ್ರು. ನಾನು ಒಪ್ಪಲ್ಲ, ಅಲ್ಲಿ ಗುಂಡೇಟು ಅಷ್ಟು ಅಪರೂಪ ಇರೋದು ಆ ಕಾನೂನಿಂದಾನೇ. ಆದ್ರೆ ಇನ್ನೊಬ್ರು ಕೇಳಿದ್ದು ನ್ಯಾಯ, ಕೊಡವರಿಗೆ, ಕೊಡಗಿನ ಜಮ್ಮಾ (ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ 2029ರವರೆಗೆ ಲೈಸೆನ್ಸ್ ವಿನಾಯಿತಿ ಇದೆ, ನಮ್ಮ ತೋಟಕ್ಕೂ ಅದೇ ಮಂಗ ಅದೇ ಹಂದಿ, ನಮಗೆ ಯಾಕೆ ಈ ಪಾಟಿ ಓಡಾಟ? ವಿನಾಯಿತಿ ಬೇಡ ಅಂತ್ಲೇ ನನ್ನ ಅಭಿಪ್ರಾಯ, ಆದ್ರೆ ಬೆಳೆ ರಕ್ಷಣೆ ಲೈಸೆನ್ಸ್ ಫೈಲು ತಿಂಗಳುಗಟ್ಟಲೆ ಟೇಬಲ್ ಮೇಲೆ ಕೊಳೀಬಾರ್ದು. ಚುನಾವಣೆ ಬಂದಾಗ್ಲೂ ಅಷ್ಟೇ, ಯಾರ ಕೋವಿ ಠಾಣೆಗೆ ತರಿಸ್ಬೇಕು ಅಂತ ನೋಡೋ ಸ್ಕ್ರೀನಿಂಗ್ ಕಮಿಟಿ ಒಬ್ಬೊಬ್ಬರ ಕೇಸ್ ನೋಡಿ ತೀರ್ಮಾನ ಮಾಡ್ಬೇಕು, ಫಸಲಿನ ಟೈಮಲ್ಲಿ ಎಲ್ಲಾರ ಕೋವಿನೂ ಒಟ್ಟಿಗೆ ಠಾಣೆಗೆ ತರ್ಸಿದ್ರೆ ರೈತ ಎಂತ ಮಾಡ್ಬೇಕು? ಸರಿ ದಾರಿಲಿ ಹೋಗೋನಿಗೆ ಹಿಂಸೆ ಕೊಟ್ರೆ ನಾಡಕೋವಿ ಮಾಡೋನಿಗೆ ಗಿರಾಕಿ ಜಾಸ್ತಿ ಆಗುತ್ತೆ.

ಅಂಗಡಿದು ಕೊರತೆನೂ ಹೇಳ್ಬೇಕು. ಹೇಳಿದ ದಿನಕ್ಕೆ ಕೆಲಸ ಮುಗಿಯಲ್ಲ, ಫೋನ್ ಮಾಡಿ ತಿಳ್ಸೋದೂ ಇಲ್ಲ, ದೂರದಿಂದ ಬರೋರು ನೀವೇ ಕೇಳ್ಕೊಂಡು ಹೊರಡಿ. ತೋಟಾ ರೇಟು ಜಾಸ್ತಿನೇ. ಲೈಸೆನ್ಸ್ ಒರಿಜಿನಲ್ಲೇ ತಗೊಂಡೋಗಿ, ಝೆರಾಕ್ಸ್ ನೋಡಲ್ಲ, ತೋಟಾ ಕೊಟ್ಟಿದ್ದು ಅದ್ರಲ್ಲಿ ಬರೆದೇ ಕೊಡ್ತಾರೆ. ರಿಪೇರಿ ಇದ್ರೆ ಅಡಿಕೆ ಕೊಯ್ಲಿಗೆ ಮುಂಚೆನೇ ಕೊಡಿ, ಆಮೇಲೆ ಮೇಸ್ತ್ರಿ ಕೈಗೆ ಸಿಗಲ್ಲ.