ಕೋಲಾರದ ಟೊಮೆಟೊ ಮಾರುಕಟ್ಟೆ: ಯಾವ ಕಾಯಿಗೆ ಸರಿ, ಯಾವುದಕ್ಕೆ ಅಲ್ಲ

ಕೋಲಾರ ಎಪಿಎಂಸಿ (ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಅಂಗಳ) ದೂರದ ಊರಿಗೆ ಹೋಗುವ ಕಾಯಿಯ ಮಾರುಕಟ್ಟೆ. ಇದನ್ನು ಮರೆತು ಬಂದವರೇ ಹೆಚ್ಚಾಗಿ ಬೈದುಕೊಂಡು ವಾಪಸು ಹೋಗುವುದು. ಜುಲೈ ಹೊತ್ತಿಗೆ ಉತ್ತರ ಭಾರತದ, ಬಂಗಾಳದ ಕಡೆಗೆ ಲಾರಿಗಳು ಇಲ್ಲಿಂದ ತುಂಬಿಕೊಂಡು ಹೊರಡುತ್ತವೆ. ಎರಡು ಮೂರು ದಿನ ಲಾರಿಯಲ್ಲಿ ಕುಲುಕಾಡಬೇಕಾದ ಹಣ್ಣಿಗೆ ಸಿಪ್ಪೆ ಗಟ್ಟಿ ಇರಬೇಕು, ಬಣ್ಣ ಆಗಷ್ಟೇ ತಿರುಗಿರಬೇಕು. ಅಂಥ ದೋರಗಾಯಿಗೆ ಇಲ್ಲಿ ಒಳ್ಳೆಯ ಪೈಪೋಟಿ ಇದೆ. ಗಿಡದಲ್ಲೇ ಕೆಂಪಾದ ಹಣ್ಣು ತಂದರೆ ಹರಾಜಿನಲ್ಲಿ ಕೂಗುವವರಿಲ್ಲ. ಅದನ್ನು ಹತ್ತಿರದ ಸಂತೆಗೋ ಹೋಟೆಲಿಗೋ ಕೊಡುವುದೇ ಲೇಸು.

ಇಷ್ಟು ದೊಡ್ಡ ತರಕಾರಿ ಮಾರುಕಟ್ಟೆ ಹುಟ್ಟಿದ್ದು ಜೀವನದಿಯೇ ಇಲ್ಲದ ಜಿಲ್ಲೆಯಲ್ಲಿ. ಪಾಲಾರ್, ಪಿನಾಕಿನಿ ಮಳೆ ಬಂದಾಗಷ್ಟೇ ನದಿಗಳು. ಮೊದಲು ಕೆರೆ ಕೆಳಗೆ ಭತ್ತ, ಹೊಲದಲ್ಲಿ ರಾಗಿ. ಕೆರೆ ಬತ್ತಿ ಬೋರ್‌ವೆಲ್ ಸಾವಿರ ಅಡಿ ದಾಟಿದ ಮೇಲೆ ಆ ನೀರಿಗೆ ಹಾಕಿದ ಖರ್ಚು ವಾಪಸು ತರುವ ಕಸುಬುಗಳಷ್ಟೇ ಉಳಿದವು: ಹಾಲು, ರೇಷ್ಮೆ, ಡ್ರಿಪ್ (ಹನಿ ನೀರಾವರಿ) ಮತ್ತು ಮಣ್ಣಿನ ತೇವ ಆರದಂತೆ ಹೊದಿಸುವ ಮಲ್ಚಿಂಗ್ ಹಾಳೆ ಹಾಕಿದ ಟೊಮೆಟೊ. 2018ರಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ನರಸಾಪುರದ ಕಡೆಯ ಕೆರೆಗೆ ಬಂತು. ಅದು ಅಂತರ್ಜಲಕ್ಕೆಂದು ಬಿಟ್ಟ ನೀರು, ನೇರ ಪಂಪ್ ಹಾಕುವಂತಿಲ್ಲ. ಜಿಲ್ಲೆಯ ಕೆಜಿಎಫ್ ಚಿನ್ನದ ಗಣಿ 2001ರ ಫೆಬ್ರವರಿಯಲ್ಲಿ ಮುಚ್ಚಿತು. ಈಗ ಜುಲೈನಲ್ಲಿ ದರ ಏರಿದಾಗ ಟೊಮೆಟೊವನ್ನೇ ಕೆಂಪು ಚಿನ್ನ ಅಂತಾರೆ. ದರ ಬಿದ್ದ ದಿನ ಆ ಹೆಸರು ಯಾರ ಬಾಯಲ್ಲೂ ಬರಲ್ಲ.

ಇಲ್ಲಿನ ಲೆಕ್ಕ 15 ಕೆ.ಜಿ. ಬಾಕ್ಸಿನದು, ಅಂದರೆ ಕ್ರೇಟಿನದು. ಹರಾಜು ಕೂಗುವುದು ಬಾಕ್ಸಿಗೆ, ಕಿಲೋಗೆ ಅಲ್ಲ. 2023ರ ಜುಲೈನಲ್ಲಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅದೇ ಬಾಕ್ಸ್ 60 ರೂಪಾಯಿಗೆ ಇಳಿದರೆ ಕಿಲೋಗೆ 4 ರೂಪಾಯಿ. ಕೊಯ್ಲಿನ ಕೂಲಿ, ಟೆಂಪೊ ಬಾಡಿಗೆ, ಹಮಾಲಿ ಕಳೆದರೆ ಕೈಗೆ ಏನೂ ಬರಲ್ಲ. ಜುಲೈ ದರ ಹಿಡಿಯಬೇಕಾದರೆ ನಾಟಿ ಮೇ ಮೊದಲ ವಾರದೊಳಗೆ ಆಗಬೇಕು, ಏಕೆಂದರೆ ಮೊದಲ ಕೊಯ್ಲಿಗೆ 60ರಿಂದ 70 ದಿನ ಹಿಡಿಯುತ್ತದೆ. ಬಿಳಿನೊಣ ಹೆಚ್ಚುವುದೂ ಆ ಬಿಸಿಲಿನಲ್ಲೇ. ಅದು ಎಲೆಮುರುಟು ವೈರಸ್ ಹರಡಿದರೆ ಗಿಡ ಸಾಯದಿದ್ದರೂ ಕಾಯಿ ಗೋಲಿ ಗಾತ್ರದಲ್ಲೇ ನಿಲ್ಲುತ್ತದೆ. ಜುಲೈ ದರ ಏರುವುದಕ್ಕೂ ಇದೇ ಒಂದು ಕಾರಣ: ಬೇಸಿಗೆ ಬೆಳೆ ಉಳಿಸಿಕೊಂಡವರು ಕಡಿಮೆ.

ಕೊಯ್ಯುವಾಗ ತೊಟ್ಟು ಬಿಡಿಸಲೇಬೇಕು. ಒಂದರ ತೊಟ್ಟು ಇನ್ನೊಂದರ ಸಿಪ್ಪೆ ಚುಚ್ಚುತ್ತದೆ, ಆ ತೂತಿನಿಂದಲೇ ಕೊಳೆ ಶುರು. ಮಳೆ ನಿಂತ ಕೂಡಲೇ ಕೊಯ್ದು ಒದ್ದೆಯಾಗಿಯೇ ತುಂಬಿದರೂ ಅದೇ ಗತಿ. ಕ್ರೇಟಿನ ಅಂಚಿಗಿಂತ ಮೇಲಕ್ಕೆ ರಾಶಿ ಹಾಕಬೇಡಿ: ಮೇಲಿನ ಕ್ರೇಟಿನ ಭಾರ ಹಣ್ಣಿನ ಮೇಲೆ ಕೂತು, ಇಳಿಸುವಾಗ ರಸ ಸೋರುತ್ತಿರುತ್ತದೆ. ಹಾಗೆ ಸೋರಿದ ಒಂದು ಬಾಕ್ಸ್ ಕಣ್ಣಿಗೆ ಬಿದ್ದರೆ ನೀವು ತಂದ ಇಡೀ ಲಾಟಿನ ದರವೇ ಇಳಿಯುತ್ತದೆ. ದಪ್ಪ, ಮಧ್ಯಮ, ಗೋಲಿ ಬೇರೆ ಮಾಡಿ. ಮೇಲೆ ದಪ್ಪ ಇಟ್ಟು ಕೆಳಗೆ ಗೋಲಿ ತುಂಬುವ ಜಾಣತನ ನಡೆಯಲ್ಲ, ಕೊಳ್ಳುವವರು ಒಂದೆರಡು ಬಾಕ್ಸ್ ಸುರಿಸಿ ನೋಡುತ್ತಾರೆ.

ಯಾವ ಮಂಡಿಗೆ (ಕಮಿಷನ್ ಏಜೆಂಟರ ಅಂಗಡಿಗೆ) ಹಾಕಿದರೂ ಪಟ್ಟಿ, ಅಂದರೆ ಮಾರಾಟದ ಬಿಲ್, ಕೇಳಿ ಪಡೆಯಿರಿ. ಬಾಕ್ಸ್ ಸಂಖ್ಯೆ, ದರ, ಕಡಿತ ಮೂರೂ ಅದರಲ್ಲಿರಬೇಕು. ಎಪಿಎಂಸಿ ಕಾಯ್ದೆ ಪ್ರಕಾರ ಕಮಿಷನ್ ಕೊಡಬೇಕಾದವರು ಖರೀದಿದಾರರು, ರೈತರಲ್ಲ. ಬಿಳಿ ಚೀಟಿಯಲ್ಲಿ ಬರೆದು ಕೊಟ್ಟರೆ ನಾಳೆ ಕೇಳಲು ದಾಖಲೆಯೇ ಇರಲ್ಲ. ಬಿತ್ತನೆಗೆ, ಔಷಧಿಗೆ ಮಂಡಿಯಿಂದಲೇ ಮುಂಗಡ ತಂದಿದ್ದರೆ ಈ ಮಾತು ಆಡುವ ಧೈರ್ಯ ಬರುವುದು ಕಷ್ಟ, ಆ ಸಾಲವನ್ನಾದರೂ ಪಟ್ಟಿಯಲ್ಲೇ ಬರೆಸಿ.

ಮುಳಬಾಗಿಲಿನವರಿಗೆ ವಡ್ಡಹಳ್ಳಿ ಮಾರುಕಟ್ಟೆ ಹತ್ತಿರ; ಚಿಂತಾಮಣಿ 2007ರಿಂದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದರೂ ಶ್ರೀನಿವಾಸಪುರದ ಕೆಲ ಹಳ್ಳಿಗಳಿಗೆ ಅದೇ ಅನುಕೂಲ. ಗಡಿಯಾಚೆ ಆಂಧ್ರದ ಮದನಪಲ್ಲಿ ಇದೆ. ಕೊಯ್ಲಿನ ಹಿಂದಿನ ಸಂಜೆ ಕೋಲಾರವೂ ಸೇರಿ ಈ ನಾಲ್ಕೂ ಕಡೆಯ ದರ ಕೇಳಿ, ಅದರಿಂದ ಬಾಡಿಗೆ ಕಳೆದು ನೋಡಿ. 100 ಬಾಕ್ಸಿಗಿಂತ ಕಡಿಮೆ ಇದ್ದರೆ ಅಕ್ಕಪಕ್ಕದವರ ಜತೆ ಒಂದೇ ಟೆಂಪೊದಲ್ಲಿ ಹಾಕಿ, ಆದರೆ ಇಳಿಸುವಾಗ ನಿಮ್ಮ ಬಾಕ್ಸ್ ನೀವೇ ನಿಂತು ಎಣಿಸಿ.